ಕೈಯಲ್ಲಿ ಹಿಡಿದು ತೆಗೆದ ಪನೋರಮಾದಲ್ಲಿ ಕಂಬವೇಕೆ ಮುರಿಯುತ್ತದೆ?

ಪ್ರಶ್ನೆ: ಹಂಪಿಯ ಮಾತಂಗ ಬೆಟ್ಟದ ಮೇಲಿಂದ ಟ್ರೈಪಾಡ್ ಇಲ್ಲದೆ ತೆಗೆದ ಎಂಟು ಚಿತ್ರಗಳನ್ನು ಹ್ಯೂಗಿನ್ ತಂತ್ರಾಂಶದಲ್ಲಿ ಒಂದೇ ಅಗಲವಾದ ಚಿತ್ರವಾಗಿ (ಪನೋರಮಾ) ಜೋಡಿಸಿದೆ. ಆಕಾಶದಲ್ಲಿ ತಿಳಿ-ಗಾಢ ಪಟ್ಟೆಗಳು ಮೂಡಿದ್ದನ್ನು ಬಿಟ್ಟರೆ ಜೋಡಣೆ ಚೆನ್ನಾಗಿಯೇ ಬಂದಿತು. ಅದೇ ದಿನ ಹಂಪಿ ಬಜಾರಿನ ಸಾಲುಮಂಟಪದಲ್ಲಿ ನಿಂತು ತೆಗೆದ ಚಿತ್ರಗಳಲ್ಲಿ ಮಾತ್ರ ಹತ್ತಿರದ ಕಲ್ಲುಕಂಬಗಳು ಮುರಿದಂತೆ, ಕೆಲವೆಡೆ ಎರಡೆರಡಾಗಿ ಕಾಣುತ್ತಿವೆ. ತಪ್ಪು ತಂತ್ರಾಂಶದ್ದೋ, ನನ್ನದೋ?
– ಓದುಗರೊಬ್ಬರು, ಹೊಸಪೇಟೆ

ಉತ್ತರ: ತಪ್ಪು ತಂತ್ರಾಂಶದ್ದಲ್ಲ. ಮಂಟಪದಲ್ಲಿ ಆದ ತಪ್ಪು ಬೆಟ್ಟದ ಮೇಲೂ ಆಗಿತ್ತು, ಆದರೆ ಅಲ್ಲಿ ಕಣ್ಣಿಗೆ ಬೀಳಲಿಲ್ಲ. ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ತಲೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ನೋಡಿ. ಬೆರಳು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಾರೀಖಿನಿಂದ ಇನ್ನೊಂದಕ್ಕೆ ಜಿಗಿದಂತೆ ಕಾಣುತ್ತದೆ. ಇದನ್ನೇ ಪ್ಯಾರಲಾಕ್ಸ್ ಎನ್ನುತ್ತಾರೆ. ಕ್ಯಾಮೆರಾವನ್ನು ಮೈಯಿಂದ ದೂರ ಹಿಡಿದು ನಿಂತಲ್ಲೇ ತಿರುಗಿದಾಗ ಲೆನ್ಸ್ ತಿರುಗುವುದಷ್ಟೇ ಅಲ್ಲ, ನಿಮ್ಮ ಸುತ್ತ ಕಮಾನಿನಂತೆ ಸಾಗುತ್ತದೆ. ನಿಮಗೂ ಲೆನ್ಸಿಗೂ ನಡುವಿನ ಅಂತರ 40 ಸೆಂ.ಮೀ. ಇದ್ದರೆ, 30 ಡಿಗ್ರಿ ತಿರುಗುವಷ್ಟರಲ್ಲಿ ಲೆನ್ಸ್ ಸುಮಾರು 20 ಸೆಂ.ಮೀ. ಸರಿದಿರುತ್ತದೆ. ಎರಡು ಮೀಟರ್ ದೂರದ ಕಂಬಕ್ಕೆ ಅದು ಐದಾರು ಡಿಗ್ರಿಯ ವ್ಯತ್ಯಾಸ. ಅರ್ಧ ಕಿಲೋಮೀಟರ್ ಆಚೆಯ ಗೋಪುರಕ್ಕೆ ಏನೇನೂ ಅಲ್ಲ.

ಆದ್ದರಿಂದ ನೀವು ಕ್ಯಾಮೆರಾದ ಸುತ್ತ ತಿರುಗಬೇಕೇ ಹೊರತು ಕ್ಯಾಮೆರಾ ನಿಮ್ಮ ಸುತ್ತ ತಿರುಗಬಾರದು. ಇದಕ್ಕೆ ನಾನು ಇಂದಿಗೂ ನಂಬುವ ಉಪಾಯವೆಂದರೆ ಒಂದು ದಾರ. ಲೆನ್ಸಿನ ಮುಂಭಾಗಕ್ಕೆ ದಾರ ಕಟ್ಟಿ, ಅದರ ತುದಿಗೆ ಒಂದು ಕಬ್ಬಿಣದ ನಟ್ಟನ್ನು ತೂಗುಬಿಡಿ. ನೆಲದಲ್ಲಿ ಒಂದು ಗುರುತು ಮಾಡಿಕೊಂಡು, ನಟ್ಟು ಆ ಗುರುತಿನ ಮೇಲೆಯೇ ನಿಲ್ಲುವಂತೆ ಪುಟ್ಟ ಹೆಜ್ಜೆಗಳನ್ನಿಡುತ್ತಾ ನೀವು ಸುತ್ತ ಸರಿಯಿರಿ. ಮೊದಮೊದಲು ತೊಡಕೆನಿಸಿದರೂ ನಾಲ್ಕಾರು ಸಲ ಮಾಡಿದ ಮೇಲೆ ಕೈಗೆ ರೂಢಿಯಾಗುತ್ತದೆ.

ಕ್ಯಾಮೆರಾವನ್ನು ಲಂಬವಾಗಿ, ಅಂದರೆ ಚಿತ್ರದ ಉದ್ದನೆಯ ಬದಿ ಮೇಲೆ-ಕೆಳಗೆ ಬರುವಂತೆ ಹಿಡಿಯಿರಿ, ಪ್ರತಿ ಚಿತ್ರದ ಮೂರನೆಯ ಒಂದು ಭಾಗವಾದರೂ ಹಿಂದಿನದರಲ್ಲಿ ಸೇರಿರಲಿ. ಫುಲ್ ಫ್ರೇಮ್ (35 ಮಿ.ಮೀ. ಫಿಲಂ ಚೌಕಟ್ಟಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾದ 28 ಮಿ.ಮೀ. ಲೆನ್ಸಿನಲ್ಲಿ ಹೀಗೆ ತೆಗೆದರೆ 180 ಡಿಗ್ರಿಗೆ ಆರು ಚಿತ್ರಗಳು ಸಾಕು.

ಆಕಾಶದ ಪಟ್ಟೆಗಳಿಗೆ ಕಾರಣ ಬಹುತೇಕ ಆಟೋ ಎಕ್ಸ್‌ಪೋಶರ್. ಸೂರ್ಯನ ಕಡೆಗೆ ತಿರುಗಿದಾಗ ಕ್ಯಾಮೆರಾ ಬೆಳಕನ್ನು ತಗ್ಗಿಸುತ್ತದೆ, ಬೆನ್ನು ತಿರುಗಿಸಿದಾಗ ಏರಿಸುತ್ತದೆ. ಅತಿ ಪ್ರಕಾಶವಿರುವ ಭಾಗ ಸುಟ್ಟುಹೋಗದಂತೆ ಮ್ಯಾನ್ಯುಯಲ್‌ನಲ್ಲಿ ಒಮ್ಮೆ ಹೊಂದಿಸಿ, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಮತ್ತು ಫೋಕಸ್ ಸಹಿತ ಎಲ್ಲವನ್ನೂ ಕೊನೆಯ ಚಿತ್ರದವರೆಗೆ ಹಾಗೆಯೇ ಬಿಡಿ. ಪೋಲರೈಸರ್ ಫಿಲ್ಟರ್ ಹಾಕಿದ್ದರೆ ತೆಗೆದಿಡಿ. ಸೂರ್ಯನಿಂದ ಇರುವ ಕೋನಕ್ಕೆ ತಕ್ಕಂತೆ ಅದು ಆಕಾಶವನ್ನು ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ ಗಾಢವಾಗಿಸುತ್ತದೆ.

ಈಗಾಗಲೇ ತೆಗೆದಿರುವ ಮಂಟಪದ ಚಿತ್ರಗಳನ್ನು ಅಳಿಸಬೇಡಿ. ಹ್ಯೂಗಿನ್‌ನಲ್ಲಿ ಹತ್ತಿರದ ಕಂಬಗಳ ಮೇಲೆ ಬಿದ್ದಿರುವ, ಎರಡು ಚಿತ್ರಗಳಲ್ಲಿ ಒಂದೇ ಜಾಗವನ್ನು ಗುರುತಿಸುವ ಕಂಟ್ರೋಲ್ ಪಾಯಿಂಟ್‌ಗಳನ್ನು ತೆಗೆದುಹಾಕಿ, ದೂರದ ಕಲ್ಲುಗಳ ಮೇಲಿನವನ್ನು ಮಾತ್ರ ಉಳಿಸಿ ಮತ್ತೆ ಹೊಂದಿಸಿ. ಬಳಿಕ, ಚಿತ್ರದ ಯಾವ ಭಾಗ ಉಳಿಯಬೇಕು, ಯಾವುದು ಬೇಡ ಎಂದು ಗುರುತಿಸುವ ಮಾಸ್ಕ್ ಬಳಸಿ ಪ್ರತಿ ಕಂಬವೂ ಒಂದೇ ಚಿತ್ರದಿಂದ ಇಡಿಯಾಗಿ ಬರುವಂತೆ ಮಾಡಿ; ಆಗ ಬೆಸುಗೆಯ ಗೆರೆ ಕಂಬವನ್ನು ಸೀಳದೆ ಎರಡು ಕಂಬಗಳ ನಡುವಿನ ಬಯಲಿನಲ್ಲಿ ಹಾದುಹೋಗುತ್ತದೆ. ನೆಲದ ಚಪ್ಪಡಿಗಳ ಸಂದುಗಳು ಅಲ್ಲಲ್ಲಿ ತಪ್ಪಿಯೇ ಇರಬಹುದು. ಆ ಅಂಚನ್ನು ಕತ್ತರಿಸಿಬಿಡಿ.