ಬೇರಿನ ಘಮ ಒಂದೇ ಆದ್ರೆ ಕುಲಾನೂ ಒಂದೇನಾ?

ನಮಸ್ಕಾರ. ಬೇರಿನ ಘಮದ ಬಗ್ಗೆ ನೀವು ಕಳ್ಸಿದ ಲೇಖನ ಪೂರ್ತಿ ಓದಿದೆ. ಈಗ ಇದ್ದ ಹಾಗೇ ಹಾಕೋಕಾಗಲ್ಲ, ಸುತ್ತಿ ಬಳಸಿ ಹೇಳೋದು ನಂಗೆ ಬರೋದಿಲ್ಲ.

ನಿಮ್ಮ ವಾದ ಇಷ್ಟು: ಸೊಗದೆ ಬೇರಿಗೂ ಮಾಕಳಿ ಬೇರಿಗೂ ಒಂದೇ ಘಮ, ಎರಡರಲ್ಲೂ ಇರೋದು 2-ಹೈಡ್ರಾಕ್ಸಿ-4-ಮೆಥಾಕ್ಸಿಬೆಂಜಾಲ್ಡಿಹೈಡ್ ಅನ್ನೋ ಘಮದ ಕೆಮಿಕಲ್, ಹಂಗಾಗಿ ಎರಡೂ ಸಂಬಂಧಿಗಳು, ಹಿಂಗೇ ಬೇರಿನ ಕೆಮಿಕಲ್ ನೋಡಿ ಎಲ್ಲಾ ಗಿಡದ ನೆಂಟಸ್ತಿಕೆ ಹೇಳ್ಬಹುದು. ಮೊದಲರ್ಧ ಸರಿ, ಎರಡೂ ಅಪೊಸೈನೇಸಿ ಅನ್ನೋ ಒಂದೇ ಸಸ್ಯಕುಟುಂಬದವೇ. "ಎಲ್ಲಾ" ಅಂದ್ರಲ್ಲ, ಅಲ್ಲೇ ಎಡವಿದ್ದು.

ಚಿತ್ರಮೂಲ ತಗೊಳ್ಳಿ. ಅದರ ಬೇರು ಅರೆದು ಹಚ್ಚಿದ್ರೆ ಚರ್ಮ ಬೊಬ್ಬೆ ಬರ್ತದಲ್ಲ, ಅದು ಪ್ಲಂಬಾಜಿನ್ ಅನ್ನೋ ಕೆಮಿಕಲ್ ಕೆಲಸ. ಮಳೆಗಾಲದಲ್ಲಿ ಕರಾವಳಿಯ ಕೆಂಪುಕಲ್ಲು ಬಯಲಲ್ಲಿ ಹುಳ ಹಿಡಿಯೋ ಡ್ರಾಸೆರಾ ಇರ್ತದಲ್ಲ, ಆ ಕುಲದಲ್ಲೂ ಪ್ಲಂಬಾಜಿನ್ ಇದೆ. ನೋಡೋಕೆ ಒಂದಕ್ಕೊಂದು ಏನೇನೂ ಸಂಬಂಧ ಇಲ್ಲ, ಆದ್ರೆ 1990ರ ದಶಕದ ಡಿಎನ್‌ಎ ಕೆಲಸ ಎರಡನ್ನೂ ಹತ್ರ ಹತ್ರ ತಂದು ಕೂರಿಸ್ತು. ಇಲ್ಲಿ ಕೆಮಿಕಲ್ ಗೆದ್ದಿತು. ಅದೇ ಪ್ಲಂಬಾಜಿನ್ ಕರಿಮರದ ಕುಲವಾದ ಡಯೋಸ್ಪೈರೋಸ್ ಬೇರಲ್ಲೂ ಸಿಗ್ತದೆ ಮಾರಾಯ್ರೆ, ಅದರ ಗಣವೇ, ಅಂದ್ರೆ ಕುಟುಂಬಗಳ ದೊಡ್ಡ ಗುಂಪೇ, ಬೇರೆ! ಕಾರವಾರ ಪೇಟೇಲಿ "ನಾಯ್ಕರೇ" ಅಂತ ಕೂಗಿದ್ರೆ ಹತ್ತು ಜನ ತಿರುಗ್ತಾರೆ, ಎಲ್ರೂ ಅಣ್ಣತಮ್ಮಂದಿರಾ?

ಇನ್ನೊಂದು, ನೀವು ಈ ಬೇರುಗಳ ಘಮಕ್ಕೆ "ವೆನಿಲಿನ್" (ವೆನಿಲಾ ಘಮದ ಕೆಮಿಕಲ್) ಅಂತ ಒಂದ್ಕಡೆ ಬರ್ದಿದೀರಿ. ಅಲ್ಲ. ಎರಡು ಕೆಮಿಕಲ್‌ಗೂ ಅಣುಸೂತ್ರ ಒಂದೇ, ಅಣುವಿನಲ್ಲಿ ಪರಮಾಣು ಗುಂಪುಗಳು ಕೂತ ಜಾಗ ಬೇರೆ. ಶಿರಸಿ ಕಡೆ ಒಂದ್ ಕಾಲಕ್ಕೆ ಅಡಿಕೆ ತೋಟದಲ್ಲಿ ಹಚ್ಚಿದ್ದ ವೆನಿಲಾ ಆರ್ಕಿಡ್ ಜಾತಿದು, ಸೊಗದೆಗೆ ದೂರದ ನೆಂಟನೂ ಅಲ್ಲ.

ಒಂದೇ ಕಾಂಪೌಂಡ್ ಹಿಡ್ಕೊಂಡು ಕುಲ ಹೇಳ್ಬೇಡಿ, ಹಲವು ಕಾಂಪೌಂಡ್‌ಗಳ ಒಟ್ಟು ಮಾದರಿ ನೋಡ್ಬೇಕು, ಮತ್ತೆ ಬೇರಿನ ವಯಸ್ಸು, ಮಣ್ಣು, ಕಿತ್ತ ಕಾಲ ಇದರ ಮೇಲೂ ಪ್ರಮಾಣ ಏರುಪೇರಾಗ್ತದೆ ಅನ್ನೋದು ನಿಮ್ಮ ಲೇಖನದಲ್ಲಿ ಒಂದ್ ಸಾಲೂ ಇಲ್ಲ.

ಚಲೋ ಇರೋದು ಮೂರನೇ ಪುಟ. ಸೊಗದೆ ತಂತಿ ಹಂಗೆ ತೆಳು, ತೊಗಟೆ ಮೇಲೆ ಅಡ್ಡಡ್ಡ ಸೀಳು. ಮಾಕಳಿ ದಪ್ಪ, ಸಿಪ್ಪೆ ಹೆರೆದು ಒಳಗಿನ ಕಟ್ಟಿಗೆ ಎಸೆದು ಉಪ್ಪಿನಕಾಯಿ ಹಾಕ್ತಾರೆ ಅಂತ ಬರ್ದಿದ್ದು. ಅದನ್ನ ನೀವೇ ನೋಡಿದ್ದು ಅಂತ ಓದೋರಿಗೆ ಗೊತ್ತಾಗ್ತದೆ, ಉಳಿದದ್ದು ಎಲ್ಲಿಂದ್ಲೋ ಎತ್ತಿದ್ದು ಅನ್ನೋದೂ ಗೊತ್ತಾಗ್ತದೆ. ಅಲ್ಲಿಂದ ಶುರು ಮಾಡಿ, ಪೀಠಿಕೆ ಪೂರ್ತಿ ತೆಗೀರಿ. ಫೋಟೋ ಬರೀ ಬೇರಿಂದು ಸಾಲದು, ಎಲೆ ಹೂವು ಕಾಣೋದೂ ಕಳ್ಸಿ.