ನಾಲ್ಕೂವರೆ ವರ್ಷದ ಮಗಳಿಗೆ, ಎರಡನೇ ಕ್ಲಾಸ್ ಮಗನಿಗೆ ಹಳೆಯ ಕಂಪ್ಯೂಟರ್‌ನಲ್ಲಿ ಯಾವ ಆಟ ಹಾಕಿಕೊಡಲಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಹುಡುಕುತ್ತಿದ್ದೆ. ನೀವಿರೋದು ಚಿತ್ರದುರ್ಗದಲ್ಲಿ, ಮನೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಧೂಳು ಹಿಡಿದು ಕೂತಿದೆ, ಇಂಟರ್ನೆಟ್ ಅಂದರೆ ಫೋನಿನದ್ದು ಮಾತ್ರ, ಇಬ್ಬರು ಮಕ್ಕಳಿಗೂ ಆಗುವಂಥ ಕಲಿಕೆಯ ಆಟ ಬೇಕು ಅಂದಿದ್ದೀರಿ. ನಾನು ದಾವಣಗೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಮೇಷ್ಟ್ರಲ್ಲ. ಒಬ್ಬ ಮಗಳ ಅಪ್ಪ, ಅಷ್ಟೇ. ಅವಳಿಗೀಗ ಎಂಟು ವರ್ಷ.

ಪೂರ್ತಿ ಓದೋಕೆ ಪುರುಸೊತ್ತಿಲ್ಲ ಅಂದರೆ ಇಷ್ಟು ಸಾಕು: ಚಿಕ್ಕವಳಿಗೆ ಚಿತ್ರ ಬರೆಯೋ ಟಕ್ಸ್ ಪೇಂಟ್ (Tux Paint), ಇಬ್ಬರಿಗೂ ಕಲಿಕೆಯ ಆಟಗಳ ಕಟ್ಟು ಜಿಕಾಂಪ್ರಿ (GCompris). ಎರಡೂ ಪುಕ್ಕಟೆ. ಎರಡರಲ್ಲೂ ಜಾಹೀರಾತು ಇಲ್ಲ. ಒಮ್ಮೆ ಇಳಿಸಿ ಹಾಕಿದ ಮೇಲೆ ಇಂಟರ್ನೆಟ್ ಹಂಗೂ ಇಲ್ಲ.

ಪುರುಸೊತ್ತು ಇದ್ದರೆ, ಮೊದಲು ನಾನು ಮಾಡಿದ ತಪ್ಪು ಕೇಳಿ. ಮಗಳಿಗೆ ನಾಲ್ಕು ತುಂಬಿದಾಗ ಫೋನಿಗೆ ಒಂದು ಆಪ್ ಹಾಕಿಕೊಟ್ಟೆ. ಹೆಸರು ಬೇಡ, ಅಂಥವು ರಾಶಿ ಇವೆ. ಮೇಲೆ ಮೂರು ಮಾವಿನಹಣ್ಣಿನ ಚಿತ್ರ, ಕೆಳಗೆ ನಾಲ್ಕು ಅಂಕಿ. ಸರಿಯಾದ್ದನ್ನು ಒತ್ತಿದರೆ ಚಪ್ಪಾಳೆ, ನಕ್ಷತ್ರ, ಚಿನ್ನದ ನಾಣ್ಯದ ಮಳೆ. ಒಂದೇ ವಾರದಲ್ಲಿ ಎಲ್ಲಾ ಲೆವೆಲ್ ಮುಗಿಸಿದಳು. ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡೆ. ಒಂದು ರಾತ್ರಿ ಸುಮ್ನೆ ಪಕ್ಕದಲ್ಲಿ ಕೂತು ನೋಡಿದೆ. ಅವಳು ಹಣ್ಣಿನ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ! ಎಡದಿಂದ ಬಲಕ್ಕೆ ಟಕ್ ಟಕ್ ಟಕ್ ಅಂತ ಅಂಕಿಗಳನ್ನು ಒತ್ತೋದು, ಯಾವುದೋ ಒಂದಕ್ಕೆ ಚಪ್ಪಾಳೆ ಬೀಳುತ್ತೆ, ಮುಂದಕ್ಕೆ ಹೋಗೋದು. ತಟ್ಟೆಯಲ್ಲಿ ಐದು ಶೇಂಗಾ ಇಟ್ಟು ಎಷ್ಟಿದೆ ಅಂತ ಕೇಳಿದೆ. "ಹತ್ತು" ಅಂದಳು. ತಪ್ಪು ಅವಳದ್ದಲ್ಲ ಬಿಡಿ. ಆ ಆಟದಲ್ಲಿ ಗೆಲ್ಲೋಕೆ ಸುಲಭದ ದಾರಿ ಅದೇ. ಅದನ್ನು ಅವಳು ಸರಿಯಾಗೇ ಕಂಡುಹಿಡಿದಿದ್ದಳು.

ಅವತ್ತಿನಿಂದ ಯಾವ ಆಟ ಹಾಕಿದರೂ ನನ್ನದು ಒಂದೇ ಪರೀಕ್ಷೆ. ಆಟ ಶುರು ಮಾಡಿ, ಕೈ ತೆಗೆದು, ಒಂದು ನಿಮಿಷ ಏನೂ ಮಾಡದೆ ಕೂರ್ತೀನಿ. ಆಗ ಆಟ ಏನು ಮಾಡುತ್ತೆ ಅಂತ ನೋಡೋದು. ಕುಣಿದು, ಮಿಣುಕಿ, "ಬಾ ಬಾ" ಅಂತ ಕರೆದರೆ, ಉತ್ತರ ತಾನೇ ತೋರಿಸಿಬಿಟ್ಟರೆ, ಅದನ್ನು ತೆಗೆದುಹಾಕ್ತೀನಿ. ಸುಮ್ಮನೆ ಕಾದರೆ ಇಟ್ಟುಕೊಳ್ತೀನಿ. ಈ ವಯಸ್ಸಿನ ಮಕ್ಕಳಿಗೆ ಯೋಚನೆ ಮಾಡೋಕೆ ಟೈಮ್ ಬೇಕು. ಮೂರು ಮಾವಿನಹಣ್ಣು ಎಣಿಸೋಕೆ ಒಂದೊಂದು ಸಲ ಅರ್ಧ ನಿಮಿಷ ಹಿಡಿಯುತ್ತೆ. ನಡುವೆ ಮೂಗು ಕೆರೆದುಕೊಳ್ಳಬೇಕು, ಕಾಗೆ ಕೂಗಿದರೆ ಕಿಟಕಿ ಕಡೆ ನೋಡಬೇಕು.

ಜಗಳೂರು ಕಡೆ ಸರ್ಕಾರಿ ಶಾಲೆಯಲ್ಲಿ ನನ್ನ ತಂಗಿ ಟೀಚರ್. ಇದನ್ನು ಹೇಳಿದಾಗ, "ನಮ್ಮ ನಲಿಕಲಿಯಲ್ಲಿ ಇರೋದೂ ಇದೇ ಅಲ್ವಾ ಅಣ್ಣ" ಅಂದಳು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಅದು. ಒಂದೊಂದು ಮಗು ಕಲಿಕೆಯ ಏಣಿಯನ್ನು ತನ್ನದೇ ವೇಗದಲ್ಲಿ ಹತ್ತುತ್ತೆ. ನಿಮ್ಮ ಮಗ ಸರ್ಕಾರಿ ಶಾಲೆಯಾದರೆ ನಲಿಕಲಿ ಕಾರ್ಡುಗಳನ್ನು ನೀವೇ ನೋಡಿರ್ತೀರಿ.

ಈಗ ಟಕ್ಸ್ ಪೇಂಟ್. ಬಿಲ್ ಕೆಂಡ್ರಿಕ್ ಅನ್ನುವವರು 2002ರಲ್ಲಿ ಶುರು ಮಾಡಿದ್ದು. ಮೂರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅಂತಲೇ ಮಾಡಿದ ಚಿತ್ರ ಬರೆಯೋ ಪ್ರೋಗ್ರಾಂ. ಸರಿ ತಪ್ಪು ಅನ್ನೋದೇ ಇದರಲ್ಲಿಲ್ಲ. ನನಗೆ ಹಿಡಿಸಿದ್ದು ಒಂದು ಸಣ್ಣ ವಿಷಯ: ಸೇವ್ ಒತ್ತಿದರೆ ಫೈಲಿಗೆ ಏನು ಹೆಸರು, ಯಾವ ಫೋಲ್ಡರ್ ಅಂತ ಕೇಳೋದೇ ಇಲ್ಲ. ತೆಗೆಯುವಾಗ ಹಳೆಯ ಚಿತ್ರಗಳು ಪುಟ್ಟದಾಗಿ ಸಾಲಾಗಿ ಬರುತ್ತವೆ, ಬೇಕಾದ್ದನ್ನು ಮುಟ್ಟಿದರೆ ಆಯ್ತು. ಓದಲು ಬಾರದ ಮಗುವಿಗೆ ಇಷ್ಟು ಸಾಕು. ಮೆನು ಕನ್ನಡದಲ್ಲೂ ಇಟ್ಟುಕೊಳ್ಳಬಹುದು. ಮಗನಿಗೆ ಅದು ಓದುವ ಅಭ್ಯಾಸಕ್ಕೂ ಆಗುತ್ತೆ.

ಆದರೆ ಮೌಸ್ ಹಿಡಿಯೋದು ಕಲಿಯುವವರೆಗೆ ಯಾವ ಆಟವೂ ಆಟ ಅಲ್ಲ. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಫೋನ್ ಮುಟ್ಟಿ ಬೆಳೆದ ಮಗು, ಮೊದಲು ಮಾನಿಟರ್‌ಗೇ ಬೆರಳು ಒತ್ತಿದಳು. ಏನೂ ಆಗಲಿಲ್ಲ. "ಅಪ್ಪಾ, ಕೆಟ್ಟೋಗಿದೆ" ಅಂದಳು. ಕೈಗೆ ಮೌಸ್ ಕೊಟ್ಟೆ. ಕಣ್ಣು ಪರದೆ ಮೇಲೆ ಇಡದೆ ಕೈಯನ್ನೇ ನೋಡುತ್ತಾ ತಳ್ಳಿದಳು. ಮೌಸ್ ಟೇಬಲ್ ಅಂಚಿಗೆ ಹೋಯಿತು, ಅಲ್ಲಿಂದ ಕೆಳಗೆ ಬಿತ್ತು. ಎತ್ತಿ ಮತ್ತೆ ನಡುವೆ ಇಟ್ಟರೆ ಬಾಣ ಅಲ್ಲೇ ಇರುತ್ತೆ ಅನ್ನೋದು ಅವಳಿಗೆ ತಿಳಿಯೋಕೆ ಎರಡು ದಿನ ಬೇಕಾಯಿತು. ದೊಡ್ಡವರ ಮೌಸ್ ಅವಳ ಅಂಗೈಗೆ ಇಟ್ಟಿಗೆ ಇದ್ದ ಹಾಗೆ. ತೋರುಬೆರಳು ಗುಂಡಿವರೆಗೆ ಮುಟ್ಟಲ್ಲ, ಮುಷ್ಟಿಯಿಂದ ಎರಡೂ ಗುಂಡಿ ಒಟ್ಟಿಗೆ ಒತ್ತುತ್ತಿದ್ದಳು. ಲ್ಯಾಪ್‌ಟಾಪ್‌ಗೆ ಅಂತ ಮಾರುವ ಚಿಕ್ಕ ಮೌಸ್ ತಂದುಕೊಟ್ಟ ಮೇಲೆ ಅರ್ಧ ತಾಪತ್ರಯ ಮುಗಿಯಿತು. ಇನ್ನರ್ಧಕ್ಕೆ ಟಕ್ಸ್ ಪೇಂಟ್‌ನಲ್ಲೇ ಮದ್ದಿದೆ. ಅದರ ಜೊತೆಗೆ ಬರುವ ಕಾನ್ಫಿಗ್ (ಸೆಟ್ಟಿಂಗ್ಸ್ ಬದಲಿಸೋ ಪ್ರೋಗ್ರಾಂ) ತೆರೆದರೆ, ಮೌಸಿನ ಯಾವ ಗುಂಡಿ ಒತ್ತಿದರೂ ಒಂದೇ ಅಂತ ಮಾಡಿಡಬಹುದು. ಅಲ್ಲೇ ಫುಲ್ ಸ್ಕ್ರೀನ್ ಮಾಡಿ, ಪ್ರಿಂಟ್ ಬಂದ್ ಮಾಡಿ. ಇಲ್ಲದಿದ್ದರೆ ಮಗು ಡೆಸ್ಕ್‌ಟಾಪ್‌ಗೆ ಹೊರಬಂದು ನಿಮ್ಮ ಫೈಲುಗಳನ್ನು ಎಲ್ಲೆಲ್ಲಿಗೋ ಎಳೆದುಬಿಡುತ್ತೆ. ಅನುಭವದ ಮಾತು.

ಜಿಕಾಂಪ್ರಿಯಲ್ಲಿ ಮೌಸ್ ಕಲಿಸೋಕೆ ಅಂತಲೇ ಆಟಗಳಿವೆ. ಪರದೆ ತುಂಬಾ ಚೌಕ, ಹಿಂದೆ ಪ್ರಾಣಿಯ ಫೋಟೋ. ಮೊದಲನೆಯದರಲ್ಲಿ ಮೌಸ್ ಆಡಿಸಿದರೆ ಸಾಕು, ಚೌಕ ಅಳಿಸಿಹೋಗುತ್ತೆ. ಮುಂದಿನದರಲ್ಲಿ ಕ್ಲಿಕ್ ಮಾಡಬೇಕು. ಅದರ ಮುಂದಿನದಕ್ಕೆ ಡಬಲ್ ಕ್ಲಿಕ್. ಇವು ಮೂರನ್ನು ಮುಗಿಸದೆ ಬೇರೆ ಏನೂ ತೋರಿಸಬೇಡಿ.

ಹೆಸರು ವಿಚಿತ್ರ ಅನಿಸಬಹುದು. ಫ್ರೆಂಚ್‌ನಲ್ಲಿ ಅದೇ ಉಚ್ಚಾರಣೆಗೆ "ನನಗೆ ಅರ್ಥ ಆಯ್ತು" ಅಂತ ಅರ್ಥ. ಬ್ರೂನೋ ಕುದ್ವಾ ಅನ್ನುವವರು 2000ದಲ್ಲಿ ಶುರು ಮಾಡಿದರು, ಈಗ ಪುಕ್ಕಟೆ ಸಾಫ್ಟ್‌ವೇರ್ ಮಾಡುವ ಕೆಡಿಇ ಬಳಗದವರು ನೋಡಿಕೊಳ್ಳುತ್ತಾರೆ. ಎರಡರಿಂದ ಹತ್ತು ವರ್ಷದವರಿಗೆ ನೂರಕ್ಕೂ ಹೆಚ್ಚು ಆಟಗಳಿವೆ. ಅದೇ ಅದರ ತೊಂದರೆಯೂ ಹೌದು. ಅಷ್ಟೂ ಐಕಾನ್ ಒಮ್ಮೆಲೇ ಕಂಡರೆ ಮಗು ಜಾತ್ರೆಗೆ ಹೋದ ಹಾಗೆ ಯಾವುದನ್ನೂ ಆಡದೆ ಎಲ್ಲವನ್ನೂ ಮುಟ್ಟುತ್ತೆ. ಸೆಟ್ಟಿಂಗ್ಸ್‌ನಲ್ಲಿ ನಕ್ಷತ್ರದ ಲೆಕ್ಕದಲ್ಲಿ ಕಷ್ಟದ ಮಟ್ಟ ಇದೆ. ಮಗಳಿಗೆ ಒಂದಕ್ಕೆ ಇಡಿ.

ಇದರಲ್ಲೊಂದು ಎಣಿಸುವ ಆಟ ಇದೆ. ಹಣ್ಣುಗಳು ಒಂದರ ಮೇಲೊಂದು ಬಿದ್ದ ಹಾಗೆ ಚೆಲ್ಲಾಪಿಲ್ಲಿಯಾಗಿ ಇರುತ್ತವೆ. ಅವನ್ನು ಮೌಸಿನಿಂದ ಎಳೆದು ಬೇರೆ ಬೇರೆ ಇಟ್ಟುಕೊಂಡು ಎಣಿಸಬೇಕು. ಆರಿಸೋಕೆ ನಾಲ್ಕು ಉತ್ತರ ಕೊಡೋದಿಲ್ಲ, ಅಂಕಿಯನ್ನು ನಾವೇ ಒತ್ತಬೇಕು. ಮಗಳು ಸೇಬನ್ನೆಲ್ಲ ಒಂದು ಸಾಲು, ಬಾಳೆಹಣ್ಣನ್ನೆಲ್ಲ ಇನ್ನೊಂದು ಸಾಲು ಮಾಡಿದಳು. ನಾನು ಹೇಳಿಕೊಟ್ಟಿರಲಿಲ್ಲ. ಆಮೇಲೊಂದು ಸಂಜೆ ಮಂಡಕ್ಕಿ ತಿನ್ನುವಾಗ ನೋಡ್ತೀನಿ, ಅದರಲ್ಲಿದ್ದ ಶೇಂಗಾ ಎಲ್ಲಾ ಆರಿಸಿ ತಟ್ಟೆ ಅಂಚಿಗೆ ಸಾಲು ಹಚ್ಚಿ ಎಣಿಸುತ್ತಿದ್ದಾಳೆ. ಹದಿನಾಲ್ಕು. ಸರಿಯಾಗೇ ಇತ್ತು.

ಮಗನಿಗೆ ಟಕ್ಸ್ ಮ್ಯಾಥ್ ಹಾಕಿ ಅಂತ ಯಾರಾದರೂ ಹೇಳಬಹುದು. ಮೇಲಿಂದ ಧೂಮಕೇತು ಬೀಳುತ್ತೆ, ಅದರ ಮೇಲಿರೋ ಲೆಕ್ಕದ ಉತ್ತರ ಟೈಪ್ ಮಾಡಿದರೆ ಒಡೆಯುತ್ತೆ. ತಡವಾದರೆ ಕೆಳಗಿನ ಪೆಂಗ್ವಿನ್‌ಗಳ ಮಂಜಿನ ಮನೆ ಕರಗುತ್ತೆ. ಮಗ್ಗಿ ಬಾಯಿಗೆ ಬಂದ ಹುಡುಗನಿಗೆ ಇದು ಭಾರೀ ಮಜಾ. ಇನ್ನೂ ಬೆರಳು ಮಡಚಿ ಕೂಡಿಸುತ್ತಿದ್ದರೆ ಈಗಲೇ ಬೇಡ. ಇದು ಕಾಯುವ ಆಟ ಅಲ್ಲ. ನನ್ನ ತಮ್ಮನ ಮಗ ಪೆಂಗ್ವಿನ್ ಮನೆ ಹೋಯ್ತು ಅಂತ ಅತ್ತು, ಒಂದು ವಾರ ಲೆಕ್ಕ ಅಂದರೆ ಓಡಿಹೋಗುತ್ತಿದ್ದ. ಸ್ಕ್ರ್ಯಾಚ್ ಜೂನಿಯರ್ ಚೆನ್ನಾಗಿದೆ, ಐದರಿಂದ ಏಳು ವರ್ಷದವರಿಗೆ, ಓದು ಬರದಿದ್ದರೂ ನಡೆಯುತ್ತೆ. ಆದರೆ ಅದು ಟ್ಯಾಬ್ಲೆಟ್‌ಗೆ ಮಾಡಿದ್ದು, ನಿಮ್ಮ ಹಳೆಯ ಡಬ್ಬಕ್ಕಲ್ಲ.

ಅಕ್ಷರ ಕಲಿಸೋಕೆ ಕಂಪ್ಯೂಟರ್ ಬೇಡ ಅನ್ನೋದು ನನ್ನ ಅಭಿಪ್ರಾಯ. ಮೌಸ್ ಹಿಡಿದು 'ಈ' ಬರೆಯೋಕೆ ನನಗೇ ಬರಲ್ಲ. ಸ್ಲೇಟು, ಬಳಪ, ಇಲ್ಲಾ ತಟ್ಟೆಯಲ್ಲಿ ರಾಗಿ ಹರಡಿಕೊಡಿ. ಓದೋಕೆ ಮಾತ್ರ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ.

ಎಷ್ಟು ಹೊತ್ತು ಅಂತಲೂ ಕೇಳಿದ್ದೀರಿ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆ ಆದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದರಲ್ಲಿ ಟಿವಿ, ಫೋನ್ ಎಲ್ಲಾ ಸೇರಿತು. ನಮ್ಮ ಮನೆಯಲ್ಲಿ ಲೆಕ್ಕ ಕುಕ್ಕರ್‌ನದ್ದು. ಅನ್ನಕ್ಕೆ ಇಟ್ಟಾಗ ಶುರು, ಮೂರನೇ ಸೀಟಿಗೆ ಬಂದ್. ಸೀಟಿ ಜೊತೆ ಯಾವ ಮಗುವೂ ವಾದ ಮಾಡಲ್ಲ.

ಕೊನೆಗೆ, ಜಿಕಾಂಪ್ರಿಯಲ್ಲಿ ನೀರಿನ ಆಟ ಒಂದಿದೆ, ಅದನ್ನು ಇಬ್ಬರನ್ನೂ ಕೂರಿಸಿ ಆಡಿಸಿ. ಪೆಂಗ್ವಿನ್ ಟಕ್ಸ್ ಮೀನು ಹಿಡಿದು ಬಂದಿದ್ದಾನೆ, ಸ್ನಾನಕ್ಕೆ ನೀರಿಲ್ಲ. ಸೂರ್ಯನನ್ನು ಮುಟ್ಟಿ ಮೋಡ ಮಾಡಬೇಕು, ಮಳೆ ಸುರಿಸಬೇಕು, ಪಂಪ್ ಹಾಕಿ ಟ್ಯಾಂಕ್ ತುಂಬಿಸಬೇಕು. ಅದು ಮುಗಿದ ಮೇಲೆ ಮಗಳು ನಮ್ಮ ನಲ್ಲಿ ನೀರು ಎಲ್ಲಿಂದ ಬರುತ್ತೆ ಅಂತ ಹಟ ಹಿಡಿದಳು. ಭಾನುವಾರ ಗಾಡಿಯಲ್ಲಿ ಕುಂದುವಾಡ ಕೆರೆಗೆ ಕರೆದುಕೊಂಡು ಹೋದೆ. ಭದ್ರಾ ನಾಲೆಯಿಂದ ಈ ಕೆರೆ ತುಂಬುತ್ತೆ, ಇಲ್ಲಿಂದ ನಮ್ಮ ಮನೆಗೆ ಅಂತ ತೋರಿಸಿದೆ. "ಸೂರ್ಯನ್ನ ಯಾರು ಮುಟ್ಟಿದ್ದು?" ಅಂತ ಕೇಳಿದಳು. ನಿಮಗಂತೂ ಕೋಟೆಯೇ ಇದೆ. ಮಳೆಗಾಲದಲ್ಲಿ ಇಬ್ಬರನ್ನೂ ಮೇಲೆ ಹತ್ತಿಸಿ, ಗೋಪಾಲಸ್ವಾಮಿ ಹೊಂಡ, ಅದರ ಕೆಳಗೆ ಅಕ್ಕ ತಂಗಿ ಹೊಂಡ ತೋರಿಸಿ. ಮೇಲಿನದು ತುಂಬಿದರೆ ನೀರು ಎಲ್ಲಿಗೆ ಹೋಗುತ್ತೆ ಅಂತ ಮಗನನ್ನೇ ಕೇಳಿ. ಉತ್ತರ ಹೇಳಿಕೊಡಬೇಡಿ, ಸ್ವಲ್ಪ ಹೊತ್ತು ಕಾಯಿರಿ.

ಡೆಸ್ಕ್‌ಟಾಪ್ ಆನ್ ಆಗದಿದ್ದರೆ ಮೊದಲು ರ‍್ಯಾಮ್ (ಒಳಗಿರೋ ಮೆಮೊರಿ ಪಟ್ಟಿ) ಬಿಚ್ಚಿ, ಒರೆಸಿ, ಮತ್ತೆ ಹಾಕಿ ನೋಡಿ. ಹತ್ತರಲ್ಲಿ ಆರು ಸಲ ಅಷ್ಟೇ ಆಗಿರುತ್ತೆ.