ಅಣಬೆಯ ಬಗ್ಗೆ ಲೇಖನ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ‘ಕಾಡು ಅಣಬೆಗಳು: ಒಂದು ವೈಜ್ಞಾನಿಕ ನೋಟ’ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ‘ಸ್ಥಳಾಭಾವದಿಂದ’ ಎಂದು ಎರಡು ಸಾಲು ಬರೆದು ಮುಗಿಸಬಹುದಿತ್ತು. ಆದರೆ ಲೇಖನದ ನಡುವೆ ಒಂದು ಪುಟ ನಿಜಕ್ಕೂ ಚೆನ್ನಾಗಿದೆ. ಅದನ್ನು ಬರೆದವರಿಗೆ ಕಾರಣ ಹೇಳದೆ ಹಿಂದಿರುಗಿಸುವುದು ಸರಿಯಲ್ಲ ಅನ್ನಿಸಿತು. ಮಾತು ಸ್ವಲ್ಪ ಖಾರವಾಗಬಹುದು, ಬೇಸರ ಮಾಡಿಕೊಳ್ಳಬೇಡಿ.

ಕೊನೆಯಲ್ಲಿರುವ ಬಾಕ್ಸ್‌ನಿಂದಲೇ ಶುರು ಮಾಡುತ್ತೇನೆ. ‘ವಿಷದ ಅಣಬೆ ಗುರುತಿಸಲು ಐದು ಸುಲಭ ಉಪಾಯಗಳು’ ಎಂಬ ಆ ಭಾಗ ಯಾವ ಕಾರಣಕ್ಕೂ ಅಚ್ಚಾಗುವುದಿಲ್ಲ. ಬೇಯಿಸುವಾಗ ಬೆಳ್ಳಿ ಚಮಚ ಕಪ್ಪಾದರೆ ವಿಷ, ಹುಳು ತಿಂದಿದ್ದರೆ ಸುರಕ್ಷಿತ, ಕೊಯ್ದಾಗ ನೀಲಿಯಾದರೆ ಅಪಾಯ, ಬಣ್ಣ ಢಾಳಾಗಿದ್ದರೆ ಮುಟ್ಟಬೇಡಿ, ಚೆನ್ನಾಗಿ ಕುದಿಸಿದರೆ ವಿಷ ಹೋಗುತ್ತದೆ. ಐದಕ್ಕೆ ಐದೂ ತಪ್ಪು. ಬೆಳ್ಳಿ ಕಪ್ಪಾಗುವುದು ಗಂಧಕದ ಸಂಯುಕ್ತಗಳಿಂದ. ಕೊಲ್ಲುವ ವಿಷಗಳಿಗೂ ಚಮಚಕ್ಕೂ ಸಂಬಂಧವೇ ಇಲ್ಲ. ಅಣಬೆಯಲ್ಲೇ ಮೊಟ್ಟೆಯಿಟ್ಟು ಬೆಳೆಯುವ ಕೆಲವು ಹಣ್ಣುನೊಣಗಳು ಅಮಾನಿಟಿನ್ ಎಂಬ ಮಾರಕ ವಿಷ ತುಂಬಿದ ಅಣಬೆಯನ್ನೂ ತಿಂದು ಅರಗಿಸಿಕೊಳ್ಳುತ್ತವೆ. ನೊಣದ ಹೊಟ್ಟೆ ನಮ್ಮ ಹೊಟ್ಟೆಗೆ ಸಾಕ್ಷಿ ಹೇಳುವುದಿಲ್ಲ. ಟೋಪಿಯಡಿ ರಂಧ್ರಗಳಿರುವ ಬೊಲೀಟ್ ಜಾತಿಯ ಅಣಬೆಗಳನ್ನು ಕೊಯ್ದಾಗ ನೀಲಿ ಹತ್ತುವುದು ವೇರಿಗ್ಯಾಟಿಕ್ ಆಮ್ಲದಂಥ ವಸ್ತುಗಳು ಗಾಳಿಯ ಆಮ್ಲಜನಕದ ಜೊತೆ ಸೇರಿ ಉತ್ಕರ್ಷಣಗೊಂಡಾಗ. ಅದು ವರ್ಣದ್ರವ್ಯದ ಆಟ, ವಿಷದ ಸುಳಿವಲ್ಲ. ಜಗತ್ತಿನಲ್ಲಿ ಅಣಬೆ ತಿಂದು ಸಾಯುವವರಲ್ಲಿ ಹೆಚ್ಚಿನವರ ಸಾವಿಗೆ ಕಾರಣವಾದ ಡೆತ್ ಕ್ಯಾಪ್, ಅಂದರೆ ಅಮಾನಿಟ ಫಲ್ಲಾಯ್ಡಿಸ್, ನೋಡಲು ಮಂಕು ಹಸಿರು. ಕೊಯ್ದರೆ ಬಿಳಿಯಾಗಿಯೇ ಉಳಿಯುತ್ತದೆ. ನಿಮ್ಮ ಮೂರನೆಯ ಮತ್ತು ನಾಲ್ಕನೆಯ ಉಪಾಯಗಳಲ್ಲಿ ಅದು ಪಾಸಾಗುತ್ತದೆ!

ಕುದಿಸುವ ಮಾತು ಎಲ್ಲಕ್ಕಿಂತ ಅಪಾಯಕಾರಿ. ಅಮಾನಿಟಿನ್ ಎಂದರೆ ಎಂಟು ಅಮೈನೊ ಆಮ್ಲಗಳು ಬಳೆಯಂತೆ ಸುತ್ತಿಕೊಂಡು, ನಡುವೆ ಇನ್ನೊಂದು ಬಂಧ ಹಾಕಿಕೊಂಡ ಪುಟ್ಟ ಪೆಪ್ಟೈಡ್, ಅಂದರೆ ಪ್ರೋಟೀನಿನ ತುಣುಕಿನಂಥದ್ದು. ಕುದಿಸಿದರೂ ಒಣಗಿಸಿದರೂ ಅದು ಮುರಿಯುವುದಿಲ್ಲ, ಫ್ರೀಜರ್‌ನಲ್ಲಿಟ್ಟರೂ ಹಾಗೇ ಇರುತ್ತದೆ. ಜಠರದ ಕಿಣ್ವಗಳಿಗೂ ಬಗ್ಗುವುದಿಲ್ಲ. ರಕ್ತ ಸೇರಿದ್ದನ್ನು ಯಕೃತ್ತು ಹೀರಿಕೊಳ್ಳುತ್ತದೆ. ಅಲ್ಲಿ ಅದು ಆರ್‌ಎನ್‌ಎ ಪಾಲಿಮರೇಸ್ 2 ಎಂಬ ಕಿಣ್ವಕ್ಕೆ ಅಂಟಿಕೊಂಡು ಡಿಎನ್‌ಎಯ ಆದೇಶಗಳು ನಕಲಾಗುವುದನ್ನೇ ನಿಲ್ಲಿಸುತ್ತದೆ. ಜೀವಕೋಶ ಹೊಸ ಪ್ರೋಟೀನ್ ಮಾಡಲಾರದೆ ಸಾಯುತ್ತದೆ. ಪಿತ್ತರಸದ ಜೊತೆ ಕರುಳಿಗೆ ಇಳಿದ ವಿಷ ಮತ್ತೆ ಹೀರಲ್ಪಟ್ಟು ಯಕೃತ್ತಿಗೆ ವಾಪಸಾಗುವುದೂ ಉಂಟು. ಇನ್ನು ಇದರ ಕಾಲಕ್ರಮ ನೋಡಿ: ತಿಂದು ಆರರಿಂದ ಹನ್ನೆರಡು ತಾಸು ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಎರಡು ಮೂರನೇ ದಿನ ರೋಗಿ ಎದ್ದು ಕೂರುತ್ತಾನೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಯಕೃತ್ತು ಕೈಕೊಡುವುದು ಅದರ ನಂತರ. ಕೆಲವರಿಗೆ ಕೊನೆಗೆ ಯಕೃತ್ತಿನ ಕಸಿಯೊಂದೇ ದಾರಿಯಾಗುತ್ತದೆ. ನಿಮ್ಮ ಇಡೀ ಲೇಖನದಲ್ಲಿ ಈ ಮೂರು ದಿನಗಳ ಪ್ರಸ್ತಾಪವೇ ಇಲ್ಲ. ‘ಅಮಾನಿಟಿನ್ ಒಂದು ಮಾರಕ ವಿಷಕಾರಿ ಸಂಯುಕ್ತವಾಗಿದೆ’ ಎಂಬ ಒಂದೇ ವಾಕ್ಯವಿದೆ. ಓದುಗನಿಗೆ ಬೇಕಾದದ್ದು ಆ ವಾಕ್ಯದ ಒಳಗಡೆ ಇತ್ತು, ನೀವು ಬಾಗಿಲು ತೆಗೆಯಲಿಲ್ಲ.

ಅದೇ ಪ್ಯಾರಾದಲ್ಲಿ ಫಲ್ಲಾಯ್ಡಿನ್ ಮತ್ತು ಅಮಾನಿಟಿನ್ ‘ಸೇರಿ ಕೊಲ್ಲುತ್ತವೆ’ ಎಂದಿದ್ದೀರಿ. ಎರಡೂ ಡೆತ್ ಕ್ಯಾಪ್‌ನಲ್ಲಿ ಇರುವುದು ನಿಜ. ಫಲ್ಲಾಯ್ಡಿನ್ ಅನ್ನು ಪ್ರಾಣಿಗಳಿಗೆ ಚುಚ್ಚಿದರೆ ಘೋರ ವಿಷ. ಬಾಯಿಂದ ಹೋದದ್ದು ಮಾತ್ರ ಕರುಳಿನಿಂದ ರಕ್ತಕ್ಕೆ ಹೆಚ್ಚುಕಡಿಮೆ ಸೇರುವುದೇ ಇಲ್ಲ. ಹಾಗಾಗಿ ತಿಂದವರ ಸಾವಿನಲ್ಲಿ ಅದರ ಪಾತ್ರ ಇಲ್ಲವೆಂದೇ ಹೇಳಬೇಕು. ಜೀವಕೋಶದ ಆಕ್ಟಿನ್ ಎಳೆಗಳಿಗೆ ಬಿಗಿಯಾಗಿ ಅಂಟುವ ಗುಣ ಇರುವುದರಿಂದ, ಹೊಳೆಯುವ ಬಣ್ಣ ಕಟ್ಟಿದ ಫಲ್ಲಾಯ್ಡಿನ್ ಇವತ್ತು ಸೂಕ್ಷ್ಮದರ್ಶಕದಡಿ ಜೀವಕೋಶದ ಚೌಕಟ್ಟನ್ನು ನೋಡುವ ಸಾಧನ. ಕೊಲೆಗಾರನೆಂದು ನೀವು ಹಿಡಿದುಕೊಟ್ಟದ್ದು ಪ್ರಯೋಗಾಲಯದ ನೌಕರನನ್ನು.

ಕೆಂಪು ಟೋಪಿಯ ಮೇಲೆ ಬಿಳಿ ಚುಕ್ಕೆಯ ಫ್ಲೈ ಅಗಾರಿಕ್ ವಿಷಯದಲ್ಲೂ ಹೀಗೇ ಆಗಿದೆ. ಅದರ ವಿಷ ಮಸ್ಕರಿನ್ ಎಂದು ಬರೆದಿದ್ದೀರಿ. 1869ರಲ್ಲಿ ಶ್ಮೀಡೆಬೆರ್ಗ್ ಮತ್ತು ಕೋಪ್ಪೆ ಮಸ್ಕರಿನ್ ಬೇರ್ಪಡಿಸಿದ್ದು ಆ ಅಣಬೆಯಿಂದಲೇ, ಹೆಸರು ಬಂದದ್ದೂ ಅದರಿಂದಲೇ. ಆದರೆ ಅದರಲ್ಲಿ ಮಸ್ಕರಿನ್ ಇರುವುದು ಲೆಕ್ಕಕ್ಕೆ ಸಿಗದಷ್ಟು ಅಲ್ಪ. ಅದನ್ನು ತಿಂದವರ ತಲೆ ಕೆಡಿಸುವುದು ಐಬೊಟೆನಿಕ್ ಆಮ್ಲ ಮತ್ತು ಅಣಬೆ ಒಣಗುವಾಗ ಆ ಆಮ್ಲದಿಂದ ಉಂಟಾಗುವ ಮಸ್ಸಿಮಾಲ್. ಮಸ್ಕರಿನ್ ದಂಡಿಯಾಗಿ ಇರುವುದು ಇನೊಸೈಬಿ ಕುಲದ, ಯಾರೂ ತಿರುಗಿ ನೋಡದ ಕಂದು ಅಣಬೆಗಳಲ್ಲಿ. ಸಣ್ಣ ತಪ್ಪು ಎಂದು ತಳ್ಳಿಹಾಕಬೇಡಿ. ಮಸ್ಕರಿನ್ ವಿಷವೇರಿದವರಿಗೆ ಅಟ್ರೊಪಿನ್ ಎಂಬ ಮದ್ದು ಕೊಡುತ್ತಾರೆ. ಫ್ಲೈ ಅಗಾರಿಕ್ ತಿಂದವರಿಗೆ ಅದನ್ನೇ ಕೊಟ್ಟರೆ ಸ್ಥಿತಿ ಬಿಗಡಾಯಿಸಬಹುದು.

ಈಗ ವರ್ಗೀಕರಣದ ಭಾಗಕ್ಕೆ ಬರೋಣ. ಸಾಮ್ರಾಜ್ಯ, ವಿಭಾಗ, ವರ್ಗ, ಗಣ, ಕುಟುಂಬ, ಕುಲ, ಪ್ರಭೇದ ಎಂದು ಇಳಿಸುತ್ತಾ ಹೋಗಿದ್ದೀರಿ. ಅದು ಓದುವ ಬರಹವಲ್ಲ, ಟೆಲಿಫೋನ್ ಡೈರೆಕ್ಟರಿ. ವರ್ಗೀಕರಣ ಎಂದರೆ ಇನ್ನೂರು ವರ್ಷಗಳಿಂದ ನಡೆಯುತ್ತಿರುವ ಜಗಳ. ಆ ಜಗಳವನ್ನು ಬರೆಯಿರಿ. 1821ರಲ್ಲಿ ಸ್ವೀಡನ್ನಿನ ಎಲಿಯಾಸ್ ಫ್ರೀಸ್ ತಮ್ಮ ದೊಡ್ಡ ಗ್ರಂಥದ ಮೊದಲ ಸಂಪುಟ ತಂದಾಗ ಕೈಲಿದ್ದ ಮುಖ್ಯ ಆಧಾರ ಕಣ್ಣಿಗೆ ಕಾಣುವ ಆಕಾರ ಮತ್ತು ಬೀಜಾಣುವಿನ ಬಣ್ಣ. ಟೋಪಿಯಡಿ ಕಿವಿರಿನಂಥ ಪದರಗಳಿದ್ದರೆ ಒಂದು ಗುಂಪು, ರಂಧ್ರಗಳಿದ್ದರೆ ಇನ್ನೊಂದು. ಆ ಕ್ರಮ ಎಷ್ಟು ಅನುಕೂಲವಾಗಿತ್ತೆಂದರೆ ಹೊರಗೆ ಅಣಬೆ ಗುರುತಿಸುವವರು ಈಗಲೂ ಅದನ್ನು ಬಿಟ್ಟಿಲ್ಲ. ಡಿಎನ್‌ಎ ಬಂದ ಮೇಲೆ ಎಷ್ಟೋ ಮನೆತನಗಳು ಒಡೆದವು. ಮಾಗಿದಾಗ ಕರಗಿ ಕಪ್ಪು ಶಾಯಿಯಾಗಿ ತೊಟ್ಟಿಕ್ಕುವ ಅಣಬೆಗಳನ್ನೆಲ್ಲ ಕೊಪ್ರೈನಸ್ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. 2001ರಲ್ಲಿ ಆ ಕುಲವನ್ನು ಒಡೆದರು. ಕೊಪ್ರೈನಸ್ ಕೊಮೇಟಸ್ ಮತ್ತು ಅದರ ಕೆಲವೇ ಒಡನಾಡಿಗಳು ನಾವು ಡಬ್ಬಿಯಲ್ಲಿ ಕೊಳ್ಳುವ ಬಟನ್ ಅಣಬೆಯ ಕುಟುಂಬಕ್ಕೆ ಸೇರಿದವು. ಉಳಿದವುಗಳ ಕುಟುಂಬವೇ ಬೇರೆ. ಶಾಯಿಯಾಗಿ ಕರಗುವ ಉಪಾಯ ಎರಡು ಬೇರೆ ವಂಶಗಳಲ್ಲಿ ಬೇರೆಬೇರೆಯಾಗಿ ಹುಟ್ಟಿತ್ತು, ನಾವು ಅದನ್ನು ನೆಂಟಸ್ತನ ಎಂದುಕೊಂಡಿದ್ದೆವು. ನೀವು ಕೊಟ್ಟಿರುವ ಪಟ್ಟಿಯಲ್ಲಿ ಹಳೆಯ ಕೊಪ್ರೈನಸ್ ಇಡಿಯಾಗಿ ಹಾಗೇ ಕೂತಿದೆ.

ನಿಮ್ಮ ಲೇಖನದ ದೊಡ್ಡ ದೋಷ ಬಿಡಿ ತಪ್ಪುಗಳದ್ದಲ್ಲ. ವರ್ಗೀಕರಣ ಒಂದು ಕೋಣೆ, ರಸಾಯನಶಾಸ್ತ್ರ ಇನ್ನೊಂದು ಕೋಣೆ ಮಾಡಿ ನಡುವೆ ಗೋಡೆ ಎಬ್ಬಿಸಿದ್ದೀರಿ. ಈ ವಿಷಯದ ಸ್ವಾರಸ್ಯವೆಲ್ಲ ಆ ಗೋಡೆ ಬೀಳುವ ಜಾಗದಲ್ಲಿದೆ. ಅಮಾನಿಟಿನ್ ಅಮಾನಿಟ ಕುಲದ ಸ್ವತ್ತೇ? ಅಲ್ಲ. ಕೊಳೆತ ಮರದ ಮೇಲೆ ಏಳುವ ಪುಟ್ಟ ಕಂದು ಗ್ಯಾಲರೀನ ಮಾರ್ಜಿನೇಟದಲ್ಲಿ ಇದೆ, ಲೆಪಿಯೋಟದ ಕೆಲವು ಪ್ರಭೇದಗಳಲ್ಲೂ ಇದೆ. ಈ ಮೂರು ಕುಲಗಳೂ ಸೇರುವುದು ಬೇರೆಬೇರೆ ಕುಟುಂಬಗಳಿಗೆ. ತದ್ವಿರುದ್ಧವಾಗಿ ಅಮಾನಿಟ ಕುಲದ ಒಳಗೇ ತಿನ್ನುವಂಥವಿವೆ, ಅಮಾನಿಟಿನ್ ಇರುವಂಥವಿವೆ, ಫ್ಲೈ ಅಗಾರಿಕ್‌ನಂತೆ ಬೇರೆಯೇ ವಿಷದವೂ ಇವೆ. 2007ರಲ್ಲಿ ಸಂಶೋಧಕರು ಈ ವಿಷದ ವಂಶವಾಹಿಯನ್ನೇ ಹಿಡಿದರು. ಇಂಥ ವಿಚಿತ್ರ ಬಳೆಪೆಪ್ಟೈಡ್‌ಗಳನ್ನು ವಿಶೇಷ ಕಿಣ್ವಗಳ ದೊಡ್ಡ ಯಂತ್ರವೇ ಕಟ್ಟಬೇಕು ಎಂದುಕೊಂಡಿದ್ದಾಗ, ಅಣಬೆ ಅದನ್ನು ಮಾಮೂಲಿ ಪ್ರೋಟೀನಿನಂತೆ, ಜೀವಕೋಶದ ಪ್ರೋಟೀನ್ ಕಾರ್ಖಾನೆಯಾದ ರೈಬೊಸೋಮಿನಲ್ಲೇ ತಯಾರಿಸಿ, ಆಮೇಲೆ ಕತ್ತರಿಸಿ ಬಳೆ ಮಾಡುತ್ತದೆ ಎಂದು ತಿಳಿಯಿತು. ಆ ವಂಶವಾಹಿಗಳು ಒಂದು ವಂಶದಿಂದ ಇನ್ನೊಂದಕ್ಕೆ ಅಡ್ಡದಾರಿಯಲ್ಲಿ ದಾಟಿರಬೇಕು ಎಂಬ ವಾದ ಈಗ ಬಲವಾಗಿದೆ. ಇಷ್ಟು ಸಿಕ್ಕರೆ ಓದುಗ ‘ಗಣ’, ‘ಕುಟುಂಬ’ ಎಂಬ ಪದಗಳನ್ನು ತಾನಾಗಿಯೇ ಕೇಳಿ ತಿಳಿದುಕೊಳ್ಳುತ್ತಾನೆ.

ನಾನು ಮೆಚ್ಚಿದ ಪುಟ ಯಾವುದೆಂದು ನಿಮಗೆ ಗೊತ್ತಾಗಿರಬಹುದು. ಅಣಬೆಯ ಟೋಪಿಯನ್ನು ಅರ್ಧ ಕಪ್ಪು, ಅರ್ಧ ಬಿಳಿ ಕಾಗದದ ಮೇಲೆ ಮಗುಚಿ, ಬಟ್ಟಲು ಮುಚ್ಚಿಟ್ಟು ಬೀಜಾಣುವಿನ ಅಚ್ಚು ತೆಗೆದದ್ದು. ಕಿವಿರು ಬಿಳಿಯಿದ್ದರೂ ಅಚ್ಚು ಗುಲಾಬಿಯಾಗಿ ಬಿದ್ದುದನ್ನು ಕಂಡು ನೀವು ತಬ್ಬಿಬ್ಬಾದದ್ದು ಬರಹದಲ್ಲಿ ಕಾಣುತ್ತದೆ. ಲೇಖನದಲ್ಲಿ ನಿಮ್ಮ ಕಣ್ಣು ಕೆಲಸ ಮಾಡಿರುವುದು ಅಲ್ಲಿ ಮಾತ್ರ. ಅದನ್ನು ಮುಂದುವರಿಸಿ. ಬೀಜಾಣುಗಳ ಮೇಲೆ ಅಯೋಡಿನ್ ಇರುವ ಮೆಲ್ಜರ್ ದ್ರಾವಣದ ಹನಿ ಬಿದ್ದರೆ ಕೆಲವು ಪ್ರಭೇದಗಳಲ್ಲಿ ಅವು ನೀಲಿಗಪ್ಪಾಗುತ್ತವೆ, ಕೆಲವದರಲ್ಲಿ ಕೆಂಗಂದಾಗುತ್ತವೆ, ಕೆಲವದರಲ್ಲಿ ಏನೂ ಆಗುವುದಿಲ್ಲ. ರಸಾಯನಶಾಸ್ತ್ರ ವರ್ಗೀಕರಣದ ಕೈ ಹಿಡಿದದ್ದು ಹೀಗೆ. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಕೇಳಿದರೆ ಸೂಕ್ಷ್ಮದರ್ಶಕದಡಿ ತೋರಿಸುವವರು ಸಿಗಬಹುದು. ಆ ದ್ರಾವಣದಲ್ಲಿ ಕ್ಲೋರಲ್ ಹೈಡ್ರೇಟ್ ಇರುತ್ತದೆ, ಮನೆಯಲ್ಲಿ ಮಾಡಲು ಹೋಗಬೇಡಿ.

ಹೊಸದಾಗಿ ಬರೆಯುವುದಾದರೆ ಬೆನ್ನೆಲುಬಿಗೆ ಒಬ್ಬ ಮನುಷ್ಯನನ್ನು ಸೂಚಿಸುತ್ತೇನೆ. ಯೂಲಿಯಸ್ ಶೆಫರ್, ಜರ್ಮನಿಯ ಅಣಬೆತಜ್ಞ. ಬಟನ್ ಅಣಬೆಯ ಕುಲವಾದ ಅಗಾರಿಕಸ್‌ನ ಟೋಪಿಯ ಮೇಲೆ ಅನಿಲೀನ್ ಎಂಬ ರಾಸಾಯನಿಕದಿಂದ ಒಂದು ಗೆರೆ, ಅದಕ್ಕೆ ಅಡ್ಡವಾಗಿ ನೈಟ್ರಿಕ್ ಆಮ್ಲದ ಇನ್ನೊಂದು ಗೆರೆ ಎಳೆದರೆ, ಕೆಲವು ಪ್ರಭೇದಗಳಲ್ಲಿ ಗೆರೆಗಳು ಕೂಡುವಲ್ಲಿ ಕಿತ್ತಳೆಗೆಂಪು ಮೂಡುತ್ತದೆ. ಪ್ರಭೇದ ಬೇರ್ಪಡಿಸಲು ಇವತ್ತಿಗೂ ಬಳಸುವ ಈ ಪರೀಕ್ಷೆಗೆ ಅವರದೇ ಹೆಸರು. 1944ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡದ್ದು ಅಣಬೆ ತಿಂದು. ಗುರುತಿಸುವುದರಲ್ಲಿ ಅವರು ತಪ್ಪಿರಲಿಲ್ಲ. ಅವರು ತಿಂದ ಪ್ಯಾಕ್ಸಿಲಸ್ ಇನ್ವಲ್ಯೂಟಸ್ ಅನ್ನು ಚೆನ್ನಾಗಿ ಬೇಯಿಸಿದರೆ ತಿನ್ನಬಹುದು ಎಂದೇ ಯುರೋಪಿನಲ್ಲಿ ಆಗ ನಂಬಿದ್ದರು. ಊಟವಾಗಿ ಸುಮಾರು ತಾಸಿನಲ್ಲಿ ವಾಂತಿ ಭೇದಿ ಶುರುವಾಗಿ, ಮೂತ್ರಪಿಂಡ ಸೋತು, ಎರಡು ವಾರ ದಾಟಿದ ಮೇಲೆ ಸತ್ತರು. ಏಕೆ ಎಂಬುದು ತಿಳಿಯಲು 1980ರ ದಶಕ ಬರಬೇಕಾಯಿತು. ಆ ಅಣಬೆಯ ಒಂದು ಅಂಶದ ವಿರುದ್ಧ ಕೆಲವರ ಶರೀರ ಪ್ರತಿಕಾಯಗಳನ್ನು ತಯಾರಿಸಿಕೊಳ್ಳುತ್ತದೆ. ವರ್ಷಗಟ್ಟಲೆ ತಿಂದು ಸುಖವಾಗಿದ್ದವರಲ್ಲೂ ಒಂದು ದಿನ ಆ ಪ್ರತಿಕ್ರಿಯೆ ಸಿಡಿದು ಕೆಂಪು ರಕ್ತಕಣಗಳು ಒಡೆಯುತ್ತವೆ. ಅಂದಹಾಗೆ ಪ್ಯಾಕ್ಸಿಲಸ್‌ಗೆ ಕಿವಿರಿನ ಪದರಗಳಿವೆ, ಆದರೂ ಅದು ಸೇರುವುದು ರಂಧ್ರದ ಬೊಲೀಟ್‌ಗಳ ಗಣಕ್ಕೆ. ವರ್ಗೀಕರಣದ ಜಗಳ, ರಸಾಯನಶಾಸ್ತ್ರ, ಸಾವು ಮೂರೂ ಒಬ್ಬನೇ ಮನುಷ್ಯನ ಸುತ್ತ ನಿಮಗಾಗಿ ಕಾದಿವೆ.

ಹೀಗೆ ಬರೆದರೆ ‘ತಿನ್ನಲು ಯೋಗ್ಯ’ ಎಂಬ ನಿಮ್ಮ ಕೋಷ್ಟಕದ ಕಾಲಂ ತಾನಾಗಿ ಉದುರುತ್ತದೆ. ಆ ಮಾತಿಗೆ ಯಾವಾಗಲೂ ತಾರೀಖು ಅಂಟಿರುತ್ತದೆ. ಟ್ರೈಕೊಲೋಮ ಇಕ್ವೆಸ್ಟ್ರಿಯನ್ನು ಶತಮಾನಗಳ ಕಾಲ ರುಚಿಯಾದ ಅಣಬೆ ಎಂದು ತಿಂದರು. 2001ರಲ್ಲಿ ಫ್ರಾನ್ಸಿನಿಂದ ವರದಿ ಬಂತು: ಅದನ್ನು ಹಲವು ದಿನ ಸಾಲಾಗಿ ತಿಂದ ಹನ್ನೆರಡು ಜನರ ಸ್ನಾಯುಗಳು ಒಡೆದಿದ್ದವು, ಮೂವರು ಸತ್ತಿದ್ದರು.

ಔಷಧೀಯ ಉಪಯೋಗದ ಭಾಗವನ್ನು ಪೂರ್ತಿ ತೆಗೆಯಿರಿ. ‘ಕ್ಯಾನ್ಸರ್ ನಿವಾರಿಸುತ್ತದೆ’ ಎಂಬ ವಾಕ್ಯದ ಹಿಂದೆ ಇರುವುದು ಗಾಜಿನ ತಟ್ಟೆಯಲ್ಲಿನ ಜೀವಕೋಶಗಳೋ, ಇಲಿಯೋ, ಮನುಷ್ಯರೋ ಎಂದು ನೀವು ಹೇಳಿಲ್ಲ. ಉಪಯೋಗ ಬೇಕೇಬೇಕು ಅನ್ನಿಸಿದರೆ ಪೈನ್ ಕಾಯಿಯ ಮೇಲೆ ಬೆಳೆಯುವ ಪುಟಾಣಿ ಸ್ಟ್ರೋಬಿಲ್ಯೂರಸ್ ಟೆನಸೆಲ್ಲಸ್ ತೆಗೆದುಕೊಳ್ಳಿ. ತನ್ನ ಜಾಗಕ್ಕೆ ಬರುವ ಬೇರೆ ಶಿಲೀಂಧ್ರಗಳನ್ನು ತಡೆಯಲು ಅದು ಮಾಡಿಕೊಂಡ ರಾಸಾಯನಿಕವನ್ನು 1977ರಲ್ಲಿ ವರದಿ ಮಾಡಿದರು. ಅದು ಬೆಳಕಿಗೆ ಬೇಗ ಹಾಳಾಗುತ್ತಿತ್ತು. ಅದರ ರಚನೆಯನ್ನೇ ಮಾದರಿಯಾಗಿಟ್ಟುಕೊಂಡು, ಬಿಸಿಲಿಗೆ ತಡೆಯುವಂತೆ ಮಾಡಿದ ಅಜಾಕ್ಸಿಸ್ಟ್ರೋಬಿನ್ 1996ರಲ್ಲಿ ಮಾರುಕಟ್ಟೆಗೆ ಬಂತು. ಈಗ ಜಗತ್ತಿನ ಹೊಲಗಳಲ್ಲಿ ಸಿಂಪಡಿಸುವ ಶಿಲೀಂಧ್ರನಾಶಕಗಳಲ್ಲಿ ಅದರ ಬಳಗ ದೊಡ್ಡದು.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಕಂಡುಬರುತ್ತದೆ’, ‘ಒಳಗೊಂಡಿದೆ’, ‘ಎನ್ನಲಾಗಿದೆ’ ಈ ಮೂರನ್ನು ಹುಡುಕಿ ಹೊಡೆದುಹಾಕಿ. ‘ಎನ್ನಲಾಗಿದೆ’ ಇರುವ ಪ್ರತಿ ಕಡೆ ಯಾರು ಅಂದದ್ದು, ಯಾವಾಗ ಅಂದದ್ದು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಆ ವಾಕ್ಯ ಬೇಡ. ಫೋಟೊಗಳು ಚೆನ್ನಾಗಿವೆ, ಆದರೆ ಎಲ್ಲವೂ ಮೇಲಿನಿಂದ ತೆಗೆದವು. ಟೋಪಿಯ ಅಡಿಭಾಗವಾಗಲೀ ಮಣ್ಣಿನೊಳಗಿನ ಬುಡವಾಗಲೀ ಒಂದರಲ್ಲೂ ಇಲ್ಲ. ಅಮಾನಿಟದ ಬುಡದ ಚೀಲ ಕಾಣುವುದೇ ಮಣ್ಣು ಬಿಡಿಸಿದಾಗ.

ಒಂದೂವರೆ ಸಾವಿರ ಪದಗಳಲ್ಲಿ ಬರೆದು ಕಳಿಸಿ, ಅವಸರವಿಲ್ಲ. ಶಿಲೀಂಧ್ರಶಾಸ್ತ್ರ ಬಲ್ಲ ಒಬ್ಬರಿಂದ ಓದಿಸಿ, ಅವರು ಗುರುತು ಹಾಕಿದ ಪ್ರತಿಯನ್ನೂ ಜೊತೆಗಿಡಿ. ಬೀಜಾಣು ಅಚ್ಚಿನ ಫೋಟೊ ಇದ್ದರೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ, ಅದನ್ನು ಲೇಖನದ ಮೊದಲ ಚಿತ್ರವಾಗಿ ಹಾಕುವ ಯೋಚನೆಯಿದೆ.

ಇಂತಿ,
ಸಂಪಾದಕ